ಪುಣೆಯಿಂದ ಒಂದs ದಿನಕ್ಕ ಕೋರೆಗಾಂವ್ ಭೀಮಾ, ತುಳಾಪುರ ಎರಡೂ ಆಗ್ತದೇನ್ರಿ?

ಹಡಪ್ಸರದವ:
ನಮಸ್ಕಾರ್ರಿ ಎಲ್ಲಾರಿಗೂ. ಊರು ಅಫಜಲಪುರ ಕಡೆ, ಡಿಸೆಂಬರ್ ಕೊನಿಗೆ ಅಪ್ಪ ಅವ್ವ ಬರ್ಲಿಕತ್ತಾರ. ಶನಿವಾರವಾಡಾ, ಸಿಂಹಗಡ ಹೋದ ಸಲ ಆಗ್ಯಾವ, ಅವ್ವಗ ಮೊಣಕಾಲು ನೋವು, ಇನ್ನ ಗಡ ಹತ್ತೂದು ಆಗೂದಿಲ್ಲ. ಅಪ್ಪಗ ಕೋರೆಗಾಂವದ ಕಂಬ ನೋಡಬೇಕಂತ ಭಾಳ ದಿವ್ಸದ ಆಸೆ, ಬಾಬಾಸಾಹೇಬರು ಬಂದ ಜಾಗ ಅಂತ. ಅವ್ವ ಹೊಳಿ, ಗುಡಿ ಇದ್ರ ಸಾಕು ಅಂತಾಳ. ಆಫೀಸಿನ್ಯಾಗ ಒಬ್ಬರು ಅಲ್ಲೇನದ ಬರೇ ಒಂದು ಕಂಬ ಅಂದ್ರು, ಅದಕ್ಕ ಕೇಳ್ಲಿಕತ್ತೀನಿ.

ಧಾರವಾಡ ಟು ವಾಘೋಲಿ:
ಆರಾಮ ಆಗ್ತದ್ರಿ. ನಗರ್ ರೋಡ್ ಹಿಡದು ಸುಮಾರು 30 ಕಿಮೀ, ವಾಘೋಲಿ ಟ್ರಾಫಿಕ್ಕಿಗೆ ಸಿಗಬಾರ್ದಂದ್ರ ಮುಂಜಾನೆ 7ಕ್ಕ ಮನಿ ಬಿಡ್ರಿ. ಕಂಬ ಪೆರ್ಣೆ ಫಾಟಾದಾಗ ಅದ, ಬ್ರಿಡ್ಜಿನ ಈಚೆ ಕಡೆ. ಬರೇ ಕಂಬ ಅನ್ನೋರು ಅದರ ಮ್ಯಾಲಿನ ಹೆಸರು ಓದಿರೂದಿಲ್ಲ. ಇಲ್ಲಿಯ ಕಾಳಗದಾಗ ಈಸ್ಟ್ ಇಂಡಿಯಾ ಕಂಪನಿ ಕಡೆ ಸತ್ತ 49 ಮಂದಿ ಹೆಸರು ಕೆತ್ಯಾರ, ಅದ್ರಾಗ 22 ಹೆಸರು ‘ನಾಕ್’ ಅಂತ ಮುಗೀತಾವ, ಅವರು ಬಾಬಾಸಾಹೇಬರದೇ ಸಮಾಜದ ಮಹಾರ ಸಿಪಾಯಿಗಳು, ಅಪ್ಪಾರಿಗೆ ಅದನ್ನ ನಿಂತು ಓದಿ ಹೇಳ್ರಿ. ಕಾಳಗ ಆಗಿದ್ದು ಮಾತ್ರ ಬ್ರಿಡ್ಜ್ ದಾಟಿ ಆಚೆ ದಂಡಿ ಊರಾಗ, 1818ರ ಜನವರಿ 1ಕ್ಕ. ಶಿರೂರಿನಿಂದ ರಾತ್ರಿಯೆಲ್ಲಾ ನಡದು ಬಂದ ಕಂಪನಿಯ ಸುಮಾರು 800 ಮಂದಿ, ಎದುರಿಗೆ ಮರಾಠರ ಪೇಶ್ವೆ ಎರಡನೇ ಬಾಜೀರಾಯ. 28,000 ಅಂತ ಎಲ್ಲಾರೂ ಹೇಳ್ತಾರಲ್ಲ, ಅದು ಪೇಶ್ವೆಯ ಒಟ್ಟು ಸೈನ್ಯ, ಊರೊಳಗ ನುಗ್ಗಿ ಹೊಡದಾಡಿದ್ದು ಸುಮಾರು 2,000 ಕಾಲಾಳು. ಅದನ್ನ ಹೇಳಿದ್ರ ಆ ಸಿಪಾಯಿಗಳ ಧೈರ್ಯ ಏನೂ ಸಣ್ಣದಾಗೂದಿಲ್ಲ. ನನಗ ಕಾಡೂದು ನೀರಿಂದು. ಹೊಳಿ ಕಣ್ಮುಂದs ಹರೀತಿತ್ತು, ಊರಾಗ ಸಿಕ್ಕೊಂಡವರಿಗೆ ಹಗಲೆಲ್ಲಾ ಕುಡೀಲಿಕ್ಕೆ ನೀರಿಲ್ಲ, ಕತ್ತಲಾದ ಮ್ಯಾಲೆ ಸಿಕ್ತು.

ಮೈಸೂರು ಪಿಂಪ್ರಿ:
ವಾಪಸ್ ಬರ್ತಾ ಲೋಣಿಕಂದದ ಹತ್ರ ತಿರುಗಿ ಫುಲ್‌ಗಾಂವ್ ಮೇಲೆ ತುಳಾಪುರಕ್ಕೆ ಹೋಗಿ ಸರ್, ಅಮ್ಮನಿಗೆ ಖಂಡಿತ ಇಷ್ಟ ಆಗುತ್ತೆ. ಭೀಮಾ, ಭಾಮಾ, ಇಂದ್ರಾಯಣಿ ಸೇರೋ ಜಾಗ, ದಡದಲ್ಲೇ ಸಂಗಮೇಶ್ವರ ಗುಡಿ. 1689ರಲ್ಲಿ ಔರಂಗಜೇಬ ಸಂಭಾಜಿ ಮಹಾರಾಜರನ್ನ ಕೊಲ್ಲಿಸಿದ್ದು ಇಲ್ಲೇ, ಅವರ ಸ್ಮಾರಕ ಇದೆ. ಊರಿನ ಹೆಸರಿನ ಕಥೆಗೆ ನಿಮ್ಮ ವಿಜಯಪುರದ ನಂಟಿದೆ. ಆದಿಲ್‌ಶಾಹಿ ಮಂತ್ರಿ ಮುರಾರ ಜಗದೇವ ಆನೆ ತೂಕದಷ್ಟು ದಾನ ಕೊಡ್ಬೇಕು ಅಂದ್ರಂತೆ, ಶಿವಾಜಿ ತಂದೆ ಶಹಾಜಿ ಆನೇನ ದೋಣಿ ಹತ್ತಿಸಿ ನೀರು ಎಲ್ಲಿವರೆಗೆ ಬಂತೋ ಗುರುತು ಹಾಕಿಸಿ, ಆಮೇಲೆ ಆನೆ ಇಳಿಸಿ ಅಷ್ಟೇ ಮುಳುಗೋವರೆಗೆ ಕಲ್ಲು ತುಂಬಿಸಿದ್ರಂತೆ. ಅದಕ್ಕೇ ತುಳಾಪುರ. ಟೈಮ್ ಇದ್ರೆ ಮರಕಳ್ ಮೇಲೆ ಜ್ಞಾನೇಶ್ವರರ ಸಮಾಧಿ ಇರೋ ಆಳಂದಿಗೂ ಹೋಗ್ಬಹುದು.

ಹಡಪ್ಸರದವ:
ಎಲ್ಲಾರಿಗೂ ಥ್ಯಾಂಕ್ಸ್‌ರಿ. ಅಪ್ಪಗ ಫೋನಿನ್ಯಾಗ ಓದಿ ಹೇಳ್ದೆ, ಭೀಮಾ ಅಂದ ಕೂಡ್ಲೆ ‘ನಮ್ಮ ಗಾಣಗಾಪುರದ ಹೊಳಿನೇ ಅಲ್ಲೇನೋ’ ಅಂದ್ರು. ನಾಕ್ ವರ್ಷ ಆ ಬ್ರಿಡ್ಜ್ ಮ್ಯಾಲೆ ಹೋಗಿ ಬಂದೀನಿ, ಪಂಢರಪುರ ದಾಟಿ ನಮ್ಮೂರಿಗೆ ಬರೂ ನೀರು ಇದೇ ಅಂತ ನನಗ ಹೊಳದೇ ಇದ್ದಿಲ್ಲ. ಅವ್ವ ಭೀಮಾ ಅಮರ್ಜಾ ಸಂಗಮ ನೋಡ್ಯಾಳ, ಈಗ ಇದನ್ನೂ ನೋಡ್ಬೇಕಂತ. ಅಪ್ಪ ಜನವರಿ 1ಕ್ಕs ಹೋಗೂಣು ಅಂತಾರ, ನಡೀತದೇನ್ರಿ?

ಧಾರವಾಡ ಟು ವಾಘೋಲಿ:
ಬಾಬಾಸಾಹೇಬರು 1927ರಾಗ ಬಂದಿದ್ದೂ ಅದೇ ದಿನ, ಅಪ್ಪಾರ ಆಸೆ ತಪ್ಪಲ್ಲ. ಆದ್ರ ಲಕ್ಷಗಟ್ಟಲೆ ಮಂದಿ ಕೂಡ್ತಾರ, ನಗರ್ ರೋಡಿನ ಗಾಡಿ ಬ್ಯಾರೆ ಕಡೆ ತಿರುಗಿಸ್ತಾರ, ಕಾರ್ ದೂರ ನಿಲ್ಲಿಸಿ ಭಾಳ ನಡೀಬೇಕು. ಅವ್ವಾರ ಮೊಣಕಾಲಿಗೆ ಅದು ಆಗೂದಿಲ್ಲ. 1ಕ್ಕ ನೀವು ಅಪ್ಪ ಇಬ್ಬರs ಹೋಗ್ರಿ, ತುಳಾಪುರಕ್ಕ ಎರಡು ದಿನ ಬಿಟ್ಟು ಮೂವರೂ ಕೂಡಿ ಹೋಗ್ರಿ.