ಖಾಡಿಗೆ ರಾಜಹಂಸ ಬಂದರೆ ನೀರು ಶುದ್ಧವೆಂದು ತಿಳಿಯಬಹುದೇ?

ಪ್ರಶ್ನೆ – ಐರೋಲಿ ನಿವಾಸಿ

ನಮಸ್ಕಾರ. ಮುಂಬಯಿ ಬಳಿಯ ಥಾಣೆ ಖಾಡಿಯ (ಒಳನಾಡಿಗೆ ಚಾಚಿದ ಸಮುದ್ರದ ಕವಲು) ದಂಡೆಯಲ್ಲಿ ಹಲವು ವರ್ಷಗಳಿಂದ ಬೆಳಗಿನ ನಡಿಗೆಗೆ ಹೋಗುತ್ತಿದ್ದೇನೆ. ಚಳಿಗಾಲದಲ್ಲಿ ಕೆಸರೆಲ್ಲ ಗುಲಾಬಿಯಾಗುವಷ್ಟು ರಾಜಹಂಸಗಳು (ಫ್ಲೆಮಿಂಗೊ) ಬಂದಿಳಿಯುತ್ತವೆ. ಹಕ್ಕಿ ಬಂದಿದೆಯೆಂದರೆ ನೀರು ಚೆನ್ನಾಗಿದೆ ಎಂದೇ ನಮ್ಮ ಸೊಸೈಟಿಯಲ್ಲಿ ಎಲ್ಲರೂ ಹೇಳುತ್ತಾರೆ. ಆದರೆ ಮಗ್ಗುಲಲ್ಲೇ ಥಾಣೆ–ಬೇಲಾಪುರ ಕೈಗಾರಿಕಾ ಪಟ್ಟಿಯಿದೆ. ಕಳೆದ ವಾರ ಕಾಂಡ್ಲಾ (ಮ್ಯಾಂಗ್ರೋವ್) ಬೇರುಗಳ ನಡುವೆ ಬಿದ್ದಿದ್ದ ಗರಿಯೊಂದನ್ನು ಬಗ್ಗಿ ನೋಡಿದೆ. ತುದಿ ತಿಳಿಗುಲಾಬಿ, ಬುಡದಲ್ಲಿ ಎಣ್ಣೆಯಂತೆ ಹೊಳೆಯುವ ಕಪ್ಪು ಕೆಸರು. ಇಂಥ ಗರಿಯಿಂದ ಸೀಸ, ಪಾದರಸಗಳ ಪ್ರಮಾಣ ತಿಳಿಯಬಹುದೇ?

ಉತ್ತರ – ಪ್ರಾಣಿಶಾಸ್ತ್ರದ ನಿವೃತ್ತ ಅಧ್ಯಾಪಕಿ, ಡೊಂಬಿವಲಿ

ಗರಿ ಬೆಳೆಯುವಾಗ ಅದರೊಳಗೆ ರಕ್ತ ಹರಿಯುತ್ತಿರುತ್ತದೆ; ರಕ್ತದಲ್ಲಿರುವ ಲೋಹಗಳು ಗರಿಯ ಪ್ರೋಟೀನಾದ ಕೆರಾಟಿನ್‌ನಲ್ಲಿರುವ ಗಂಧಕಕ್ಕೆ ಅಂಟಿಕೊಳ್ಳುತ್ತವೆ, ಬೆಳವಣಿಗೆ ಮುಗಿದು ರಕ್ತಸಂಚಾರ ನಿಂತ ಮೇಲೆ ಅಲ್ಲಿಯೇ ಉಳಿಯುತ್ತವೆ. ಆದ್ದರಿಂದ ಗರಿಯಿಂದ ತಿಳಿಯುವುದು ಅದು ಬೆಳೆದ ಕಾಲದ, ಬೆಳೆದ ಊರಿನ ಸಂಗತಿ. ನೀವು ಕಂಡ ಗರಿ, ಹಕ್ಕಿ ಇಲ್ಲಿಗೆ ಬರುವ ಮೊದಲು ಗುಜರಾತಿನಲ್ಲಿ ಬೆಳೆದದ್ದಾದರೆ ಅದರೊಳಗಿನ ಸೀಸಕ್ಕೆ ನಮ್ಮ ಖಾಡಿಯನ್ನು ದೂರಲಾಗದು. ಹೊರಗೆ ಅಂಟಿದ ಕೆಸರಿನ ಲೋಹವೂ ಲೆಕ್ಕದಲ್ಲಿ ಸೇರದಂತೆ ಗರಿಯನ್ನು ಚೆನ್ನಾಗಿ ತೊಳೆದೇ ಪರೀಕ್ಷಿಸಬೇಕು.

ಇನ್ನು ಹಕ್ಕಿ ಬಂದದ್ದೇ ಶುದ್ಧತೆಯ ಪ್ರಮಾಣವೆಂಬ ಮಾತನ್ನು ದಯವಿಟ್ಟು ಒಪ್ಪಬೇಡಿ. ಚರಂಡಿ ನೀರಿನ ಪೋಷಕಾಂಶಗಳಿಂದ ಪಾಚಿ ಹುಲುಸಾಗಿ ಬೆಳೆಯುತ್ತದೆ, ಸಣ್ಣ ರಾಜಹಂಸಕ್ಕೆ ಪಾಚಿಯೇ ಮುಖ್ಯ ಆಹಾರ.

ಉತ್ತರ – ಕುಂದಾಪುರದವರು, ಚೆಂಬೂರು

ಹಾಗಿದ್ದರೆ ಊರು ಬಿಟ್ಟು ಹೋಗದ ಜೀವಿಗಳನ್ನೇ ನೋಡಬೇಕಲ್ಲವೇ, ಮೇಡಂ? ನೀರಿಳಿದಾಗ ಕೆಸರಿನ ಮೇಲೆ ಎದೆಯ ರೆಕ್ಕೆಯೂರಿ ತೆವಳುವ ನಿವಟಿ ಮೀನು, ಏಡಿ, ಮರುವಾಯಿ (ಚಿಪ್ಪುಜೀವಿ) ಇವೆಲ್ಲ ಇಲ್ಲಿಯವೇ. ನಮ್ಮ ಮನೆಯಲ್ಲಿ ಮರುವಾಯಿ ಸುಕ್ಕ ವಾರಕ್ಕೊಮ್ಮೆ ಆಗುತ್ತದೆ. ಹಾಗಾಗಿ ಈ ಚರ್ಚೆಯನ್ನು ಓದಿ ನಿಜಕ್ಕೂ ಆತಂಕವಾಯಿತು.

ಉತ್ತರ – ಪ್ರಾಣಿಶಾಸ್ತ್ರದ ನಿವೃತ್ತ ಅಧ್ಯಾಪಕಿ

ನೀವು ಸರಿಯಾದ ಜೀವಿಗಳನ್ನೇ ಹೆಸರಿಸಿದ್ದೀರಿ. ಮರುವಾಯಿ ನೀರನ್ನು ಸೋಸಿಯೇ ಹೊಟ್ಟೆ ಹೊರೆಯುವುದರಿಂದ ನೀರಿನಲ್ಲಿ ಅತ್ಯಲ್ಪವಾಗಿರುವ ಲೋಹವೂ ಅದರ ಮೈಯಲ್ಲಿ ಹಲವು ಪಟ್ಟು ಸೇರಿಕೊಳ್ಳುತ್ತದೆ. ಯಾವ ಅಂಗವನ್ನು ಪರೀಕ್ಷಿಸುತ್ತೇವೆ ಎಂಬುದೂ ಮುಖ್ಯ: ಬೆನ್ನೆಲುಬುಳ್ಳ ಪ್ರಾಣಿಗಳಲ್ಲಿ ಕ್ಯಾಡ್ಮಿಯಂ ಯಕೃತ್ತು, ಮೂತ್ರಪಿಂಡಗಳಲ್ಲಿ ಕೂಡಿಕೊಳ್ಳುತ್ತದೆ, ಸೀಸವು ಕ್ಯಾಲ್ಸಿಯಂನ ಜಾಗ ಹಿಡಿದು ಮೂಳೆಯಲ್ಲಿ ವರ್ಷಾನುಗಟ್ಟಲೆ ಕೂರುತ್ತದೆ, ಮೀಥೈಲ್ ಪಾದರಸ (ಪಾದರಸದ ಸಾವಯವ ರೂಪ) ಮಾತ್ರ ನಾವು ತಿನ್ನುವ ಮಾಂಸದಲ್ಲಿಯೇ ಇದ್ದು, ದೊಡ್ಡ ಮೀನು ಸಣ್ಣದನ್ನು ತಿಂದಂತೆ ಏರುತ್ತ ಹೋಗುತ್ತದೆ. ಜಪಾನಿನ ಮಿನಮಾಟಾದಲ್ಲಿ 1956ರಲ್ಲಿ ಮನುಷ್ಯರ ಕಾಯಿಲೆ ಅಧಿಕೃತವಾಗಿ ಗುರುತಾಗುವ ಮೊದಲೇ ಈ ಪಾದರಸ ಸೇರಿದ ಕೊಲ್ಲಿಯ ಮೀನು ತಿಂದ ಬೆಕ್ಕುಗಳು ಸೆಳೆತ ಬಂದು ಸಾಯುತ್ತಿದ್ದವು. ಆ ಬೆಕ್ಕುಗಳನ್ನು ನೆನೆದಾಗ ನನಗೆ ಈಗಲೂ ಸಂಕಟವಾಗುತ್ತದೆ.

ಒಂದೆರಡು ಮರುವಾಯಿಗಳಿಂದ ಏನನ್ನೂ ಹೇಳಲಾಗದು. ಒಂದೇ ಗಾತ್ರದವನ್ನು, ಒಂದೇ ಋತುವಿನಲ್ಲಿ, ಶಿವಡಿಯಿಂದ ಐರೋಲಿಯವರೆಗೆ ಹಲವೆಡೆ ಆರಿಸಿ ಹೋಲಿಸಬೇಕು. ಖಾಡಿಯ ಒಂದು ಭಾಗ 2015ರಿಂದ ಅಭಯಾರಣ್ಯವಾಗಿರುವುದರಿಂದ ಅಲ್ಲಿ ಏನನ್ನು ಎತ್ತಿಕೊಳ್ಳುವುದಕ್ಕೂ ಅರಣ್ಯ ಇಲಾಖೆಯ ಅನುಮತಿ ಬೇಕು.

ಐರೋಲಿ ನಿವಾಸಿ

ಧನ್ಯವಾದಗಳು, ಮೇಡಂ. ಗರಿಯನ್ನು ಅಲ್ಲಿಯೇ ಬಿಟ್ಟು ಬಂದಿದ್ದೇನೆ. ಮಗಳ ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗದವರು ಅನುಮತಿಗೆ ಅರ್ಜಿ ಹಾಕಲು ಒಪ್ಪಿದರೆ, ಯಾವ ಅಳತೆಯ ಮರುವಾಯಿ ಆರಿಸಬೇಕೆಂದು ತಮ್ಮನ್ನೇ ಕೇಳುತ್ತೇನೆ.