ಆಲೆಮನೆ ಶೆಡ್ಡಿಗೆ ವೈಫೈ: ಆಳುಗಳಿಂದ ಎಷ್ಟು ದುಡ್ಡು ತಗೊಳ್ಳೋದು?

ಗಾಣದಮನೆ_ಪಾಂಡವಪುರ:
ನಮ್ಮದೊಂದು ಆಲೆಮನೆ ಇದೆ. ಸೀಸನ್‌ನಲ್ಲಿ 24 ಜನ ಇರುತ್ತಾರೆ. ಅರ್ಧ ಉತ್ತರ ಪ್ರದೇಶದವರು, ಗಾಣ, ಕೊಪ್ಪರಿಗೆ ಕೆಲಸ ಎಲ್ಲ ಅವರದೇ. ಇನ್ನರ್ಧ ವಿಜಯನಗರ ಜಿಲ್ಲೆಯಿಂದ ಕಬ್ಬು ಕಡಿಯೋಕೆ ಬಂದವರು. ಆಲೆಮನೆ ಹಿಂದೆ ಎರಡು ಸಾಲು ತಗಡಿನ ಶೆಡ್ಡು ಹಾಕಿಕೊಟ್ಟಿದ್ದೇವೆ. ಜಾಗ ತಗ್ಗಿನಲ್ಲಿದೆ, ಸಿಗ್ನಲ್ ಒಂದು ಕಡ್ಡಿ ಬಂದರೆ ಹೆಚ್ಚು. ರಾತ್ರಿ ಊಟ ಆದ ಮೇಲೆ ಎಲ್ಲರೂ ನಾಲೆ ಏರಿ ಮೇಲೆ ಹೋಗಿ ಕತ್ತಲಲ್ಲಿ ನಿಂತು ವಿಡಿಯೋ ಕಾಲ್ ಮಾಡುತ್ತಾರೆ, ಹಾವು ಹುಳ ಓಡಾಡೋ ಜಾಗ, ನಮ್ಮಮ್ಮನಿಗೆ ದಿನಾ ಅದೇ ಚಿಂತೆ.

ಹೋದ ವರ್ಷ ಮನೆ ವೈಫೈ ಪಾಸ್‌ವರ್ಡ್ ಒಬ್ಬನಿಗೆ ಕೊಟ್ಟೆ. ಎರಡು ದಿನಕ್ಕೆ ಶೆಡ್ಡಿನವರ ಹತ್ತಿರವೆಲ್ಲ ಇತ್ತು, ಪಕ್ಕದ ಗದ್ದೆಯವರ ಹತ್ತಿರವೂ ಇತ್ತು. ನಮ್ಮ ಟಿವಿ ಸುಮ್ನೆ ಸುತ್ತುತ್ತಾ ಕೂತಿರುತ್ತಿತ್ತು. ಪಾಸ್‌ವರ್ಡ್ ಬದಲಿಸಿದೆ, ಎಲ್ಲರ ಮುಖ ಸಪ್ಪಗಾಯಿತು, ನನಗೂ ಬೇಜಾರಾಯಿತು.

ಈ ಸಲ ಶೆಡ್ಡಿಗೇ ಬೇರೆ ಫೈಬರ್ ಲೈನ್ ಹಾಕಿಸೋಣ ಅಂತಿದ್ದೇನೆ. ಪೂರ್ತಿ ಬಿಟ್ಟಿ ಕೊಟ್ಟರೆ ನನಗೆ ಭಾರ, ಲಾಭ ಮಾಡೋ ಆಸೆಯೂ ಇಲ್ಲ. ತಲೆಗೆ ಎಷ್ಟು ತಗೊಳ್ಳಬಹುದು? ಬಟವಾಡೆಯಲ್ಲೇ ಹಿಡಿದುಕೊಳ್ಳೋದಾ? ಹೀಗೆ ದುಡ್ಡು ತಗೊಂಡು ನೆಟ್ ಕೊಟ್ಟರೆ ಏನಾದರೂ ತೊಂದರೆ ಇದೆಯಾ?

ವೈರ್‌ಮ್ಯಾನ್_ಮೈಸೂರು:
ದುಡ್ಡಿನ ಮಾತು ಆಮೇಲೆ, ಮೊದಲು ತಗಡಿನ ಕಥೆ ಕೇಳಿ. ತಗಡು ವೈಫೈಯನ್ನು ವಾಪಸ್ ಹೊಡೆಯುತ್ತದೆ. ಮನೆ ಮಾಳಿಗೆ ಮೇಲೆ ಎಷ್ಟು ದೊಡ್ಡ ಡಬ್ಬಿ ಕೂರಿಸಿದರೂ ಶೆಡ್ಡಿನ ಒಳಗೆ ಸಿಗಲ್ಲ. ಒಂದೊಂದು ಸಾಲಿನ ಒಳಗೂ ಒಂದೊಂದು ಆಕ್ಸೆಸ್ ಪಾಯಿಂಟ್, ಅಂದರೆ ವೈಫೈ ಬಿಡುವ ಡಬ್ಬಿ, ಹಾಕಿ. ಎರಡಕ್ಕೂ ವೈಫೈ ಹೆಸರು ಒಂದೇ ಇರಲಿ. ಆಂಡ್ರಾಯ್ಡ್ 10ರಿಂದ ಈಚೆಗಿನ ಫೋನುಗಳು ಒಂದೊಂದು ವೈಫೈ ಹೆಸರಿಗೂ ಒಂದೊಂದು ಸುಳ್ಳು ಮ್ಯಾಕ್ ವಿಳಾಸ (ರೂಟರ್ ಫೋನನ್ನು ಗುರುತು ಹಿಡಿಯುವ ನಂಬರ್) ತೋರಿಸುತ್ತವೆ, ಹೆಸರು ಬೇರೆ ಇಟ್ಟರೆ ಒಂದೇ ಫೋನು ಎರಡು ಫೋನಾಗಿ ಲೆಕ್ಕಕ್ಕೆ ಸಿಗುತ್ತದೆ.

ಮನೆಯಿಂದ ಶೆಡ್ಡಿಗೆ ಎಷ್ಟು ದೂರ? ಲ್ಯಾನ್ ಕೇಬಲ್ 100 ಮೀಟರ್ ದಾಟಿಸಬೇಡಿ. ಅದಕ್ಕಿಂತ ಕಡಿಮೆ ಇದ್ದರೂ ಬಯಲಲ್ಲಿ ಎಳೆಯೋದಾದರೆ ಫೈಬರೇ ಎಳೆಯಿರಿ. ಸಿಡಿಲು ಬಡಿದಾಗ ತಾಮ್ರದ ತಂತಿ ಎರಡೂ ತುದಿಯ ಸಾಮಾನು ಸುಟ್ಟುಹಾಕುತ್ತದೆ, ಮುಂಗಾರಿಗೆ ಮುಂಚಿನ ಮಳೆಯಲ್ಲಿ ನಾನೇ ಎಷ್ಟು ರಿಪೇರಿ ಮಾಡಿದ್ದೇನೋ ಲೆಕ್ಕ ಇಲ್ಲ. ಗಾಣದ ಮೋಟಾರ್ ಶುರುವಾದಾಗ ವೋಲ್ಟೇಜ್ ಬೀಳುತ್ತಲ್ವಾ, ರೂಟರ್‌ಗೆ ಚಿಕ್ಕದೊಂದು 12 ವೋಲ್ಟಿನ ಯುಪಿಎಸ್ ಬೇಕೇ ಬೇಕು.

ಪಾಸ್‌ವರ್ಡ್ ಬದಲು ಕೂಪನ್ ಇಡಿ. ಹಾಟ್‌ಸ್ಪಾಟ್ ಸೌಲಭ್ಯ ಇರುವ ರೂಟರ್‌ನಲ್ಲಿ ಕೋಡ್ ಪ್ರಿಂಟ್ ಮಾಡಿ ಕೊಡಬಹುದು, ಒಂದು ಕೋಡಿಗೆ ಒಂದು ಫೋನು. ತಲೆಗೆ 2 ಎಂಬಿಪಿಎಸ್ ವೇಗಕ್ಕೆ ಕಟ್ಟಿಹಾಕಿ, ವಾಟ್ಸಾಪ್ ವಿಡಿಯೋಗೆ ಧಾರಾಳ. 24 ಜನ ಒಟ್ಟಿಗೆ ಕೂತರೂ 48 ಆಯಿತು, 100ರ ಲೈನಿನಲ್ಲಿ ಅರ್ಧ ಉಳಿಯಿತು.

ಪೆಟ್ಟು_ತಿಂದವ:
ತೊಂದರೆ ಇದೆಯಾ ಅಂದರೆ, ಇದೆ. ನಾನು ಮೈಸೂರಲ್ಲಿ ಪೇಯಿಂಗ್ ಗೆಸ್ಟ್ ನಡೆಸುತ್ತಿದ್ದಾಗ ಹುಡುಗರಿಗೆ ನನ್ನ ಲೈನನ್ನೇ ಹಂಚಿ ತಿಂಗಳಿಗೆ 100 ತಗೊಳ್ಳುತ್ತಿದ್ದೆ. ಒಂದು ದಿನ ಠಾಣೆಯಿಂದ ಫೋನು, ನಿಮ್ಮ ಕನೆಕ್ಷನ್‌ನಿಂದ ಯಾರದೋ ಖಾತೆಗೆ ಮೋಸ ಆಗಿದೆ ಬನ್ನಿ ಅಂತ. ಯಾವ ಹುಡುಗ ಮಾಡಿದ ಅಂತ ತೋರಿಸೋಕೆ ನನ್ನ ಹತ್ತಿರ ಒಂದು ಚೀಟಿಯೂ ಇರಲಿಲ್ಲ. ಮೂರು ಸಲ ಓಡಾಡಿದೆ. ಲೈನ್ ಯಾರ ಹೆಸರಲ್ಲಿದೆಯೋ ಅವರನ್ನೇ ಮೊದಲು ಕೇಳೋದು. ಅದೂ ಅಲ್ಲದೆ ಮನೆ ಕನೆಕ್ಷನ್ ತಗೊಂಡು ಮಾರಬಾರದು ಅಂತ ನೀವು ಸಹಿ ಹಾಕಿದ ಕಾಗದದಲ್ಲೇ ಸಾಮಾನ್ಯವಾಗಿ ಇರುತ್ತೆ, ಯಾರೂ ಓದಲ್ಲ ಅಷ್ಟೇ.

ನೆಟ್ಟಗೆ ಮಾಡಬೇಕು ಅಂದರೆ ಪಿಎಂ-ವಾಣಿ ನೋಡಿ. 2020ರ ಡಿಸೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಸಾರ್ವಜನಿಕ ವೈಫೈ ಯೋಜನೆ. ಟೀ ಅಂಗಡಿಯವನೂ ವೈಫೈ ಮಾರಬಹುದು, ಲೈಸೆನ್ಸ್ ಬೇಡ, ಫೀಸೂ ಇಲ್ಲ. ಹಾಗೆ ಮಾರುವವರಿಗೆ ಪಿಡಿಒ (ಪಬ್ಲಿಕ್ ಡೇಟಾ ಆಫೀಸ್, ಪಂಚಾಯಿತಿ ಪಿಡಿಒ ಅಲ್ಲ) ಅಂತ ಹೆಸರು. ಮೇಲೆ ಇಂಥ ಪಿಡಿಒಗಳನ್ನೆಲ್ಲ ನೋಡಿಕೊಳ್ಳೋ ಒಬ್ಬ ಅಗ್ರಿಗೇಟರ್ ಇರುತ್ತಾನೆ, ಓಟಿಪಿ ನೋಡಿ ಒಳಗೆ ಬಿಡೋದು, ಯಾರು ಎಷ್ಟು ಬಳಸಿದರು ಅನ್ನೋ ಲೆಕ್ಕ ಎಲ್ಲ ಅವನ ತಲೆನೋವು. ಮೊದಲು ಇಂಥ ಲೈನಿಗೆ ಕಂಪನಿಗಳು ಬಾಯಿಗೆ ಬಂದ ರೇಟು ಹೇಳುತ್ತಿದ್ದವು. 2025ರ ಜೂನ್‌ನಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ ಕಡಿವಾಣ ಹಾಕಿತು: 200 ಎಂಬಿಪಿಎಸ್‌ವರೆಗಿನ ಮನೆ ಪ್ಲಾನ್ ಏನಿದೆಯೋ ಅದರ ಎರಡರಷ್ಟಕ್ಕಿಂತ ಜಾಸ್ತಿ ಕೇಳುವಂತಿಲ್ಲ.

ಲೆಕ್ಕ ಹಾಕಿ. ಮನೆ ಪ್ಲಾನ್ 800 ಅಂದುಕೊಳ್ಳಿ. ಎರಡರಷ್ಟು 1,600, ಜಿಎಸ್‌ಟಿ ಶೇ. 18 ಸೇರಿ 1,888. 24 ಜನಕ್ಕೆ ಹಂಚಿದರೆ ತಲೆಗೆ ತಿಂಗಳಿಗೆ ಸುಮಾರು 79 ರೂಪಾಯಿ. ಅಗ್ರಿಗೇಟರ್ ಪಾಲು, ಕರೆಂಟು ಬೇರೆ.

ಹಡಗಲಿ_ಹುಡುಗ:
ಅಣ್ಣ, ನಾನೂ ಐದು ಸೀಸನ್ ಮಂಡ್ಯ ಕಡೆ ಕಬ್ಬು ಕಡಿದವನು. ಆಳುಗಳು ಅಂತ ಬರೆದಿದ್ದೀರಿ, ಇರಲಿ ಬಿಡಿ.

ನಿಮ್ಮ 79 ರೂಪಾಯಿ ಕಡಿಮೆಯೇ. ಆದರೆ ನಮ್ಮವರು ಆಗಲೇ ದಿನಕ್ಕೆ ಒಂದೂವರೆ ಜಿಬಿ ಡೇಟಾ ಇರೋ ರೀಚಾರ್ಜಿಗೆ ಮುನ್ನೂರು ಹಾಕಿರುತ್ತಾರೆ. ಅದರ ಮೇಲೆ ಇದು ಅಂದರೆ ಯಾರೂ ತಗೊಳ್ಳಲ್ಲ. ಡೇಟಾ ಪ್ಯಾಕ್ ಬಿಟ್ಟರೆ ಮಾತ್ರ ಅವರಿಗೆ ಉಳಿತಾಯ. ಬರೀ ಮಾತು, ಎಸ್ಸೆಮ್ಮೆಸ್ ಇರೋ ಪ್ಯಾಕ್ ಕೊಡಲೇಬೇಕು ಅಂತ 2024ರ ಡಿಸೆಂಬರ್‌ನಲ್ಲಿ ಟ್ರಾಯ್ ಹೇಳಿದೆ, ಈಗ ಸಿಗುತ್ತವೆ. ಅದೊಂದು ಹಾಕಿಸಿ, ನೆಟ್ಟಿಗೆ ನಿಮ್ಮ ವೈಫೈ. ಇದನ್ನು ಕೂರಿಸಿಕೊಂಡು ಹೇಳಬೇಕು, ಅಂಗಡಿಯವರು ಹೇಳಲ್ಲ. ಪ್ಯಾಕನ್ನೇ ಬಿಟ್ಟುಬಿಟ್ಟರೆ ಸಿಮ್ ಸತ್ತುಹೋಗುತ್ತೆ, ಓಟಿಪಿಯೂ ಬರಲ್ಲ. ಇನ್ನೊಂದು, ಓಟಿಪಿ ಬರೋಕೂ ಸಿಗ್ನಲ್ ಬೇಕು, ಮೊದಲ ಸಲ ಏರಿ ಮೇಲೆ ಹೋಗಲೇಬೇಕಾಗುತ್ತೆ!

ಬಟವಾಡೆಯಲ್ಲಿ ದಯವಿಟ್ಟು ಹಿಡಿಯಬೇಡಿ. ಮುಂಗಡ ತಗೊಂಡು ಬಂದಿರುತ್ತೇವೆ, ಅಕ್ಕಿ, ಎಣ್ಣೆ, ಮೇಸ್ತ್ರಿ ಕಮಿಷನ್ ಎಲ್ಲ ಕಳೆದು ಕೈಗೆ ಬರೋದೇ ಕಮ್ಮಿ. ಅದರಲ್ಲಿ ವೈಫೈ ಅಂತ ಒಂದು ಸಾಲು ಕಂಡರೆ ಇನ್ನೇನು ಬರೆದಿದ್ದಾರೋ ಅಂತ ಅನುಮಾನ ಶುರುವಾಗುತ್ತೆ. ತಿಂಗಳ ಕೂಪನ್ನೂ ಬೇಡ. ಗ್ಯಾಂಗ್ ಹದಿನೈದು ದಿನಕ್ಕೆ ಬೇರೆ ಊರಿಗೆ ಹೋಗುತ್ತೆ, ಹಬ್ಬಕ್ಕೆ ಮನೆಗೆ ಹೋಗುತ್ತೆ. ದಿನದ ಕೂಪನ್ ಇಡಿ, ಬೇಕಾದ ದಿನ ತಗೊಳ್ತಾರೆ.

ಗಾಣದಮನೆ_ಪಾಂಡವಪುರ:
ಆಳು ಅಂದಿದ್ದಕ್ಕೆ ತಪ್ಪಾಯಿತು ತಮ್ಮ, ಬಾಯಿ ಅಭ್ಯಾಸ.

ಇವತ್ತು ಹಗ್ಗ ಹಿಡಿದು ಅಳೆದೆ, ಮನೆಯಿಂದ ಶೆಡ್ಡಿಗೆ 130 ಮೀಟರ್ ಬಂತು. ಹಾಗಾಗಿ ಫೈಬರೇ. ಮೇಸ್ತ್ರಿಯನ್ನು ಬಿಟ್ಟು ನೇರ ಅವರನ್ನೇ ಕೇಳಿದೆ, ದಿನಕ್ಕೆ 4 ರೂಪಾಯಿ ಅಂದರೆ 17 ಜನ ಸರಿ ಅಂದರು. ಉಳಿದವರು ನೋಡೋಣ ಅಂದರು, ಒಬ್ಬ ಅಜ್ಜನ ಹತ್ತಿರ ಗುಂಡಿ ಫೋನು. ದಿನಾ 17 ಜನ ತಗೊಂಡರೆ ತಿಂಗಳಿಗೆ 2,040, ಲೈನಿನ ದುಡ್ಡು ಹುಟ್ಟುತ್ತದೆ. ಸಾಮಾನಿನ ಖರ್ಚು ನನ್ನದು, ಅಮ್ಮನ ನಿದ್ದೆಗೆ ಅಂತ ಬರೆದುಕೊಂಡಿದ್ದೇನೆ. ವಾಣಿ ಅಗ್ರಿಗೇಟರ್ ಒಬ್ಬರ ಹತ್ತಿರ ಮಾತಾಡುತ್ತಿದ್ದೇನೆ, ದಿನಕ್ಕೆ 4ರ ಕೂಪನ್ ಇಡೋಕೆ ಆಗುತ್ತಾ ಅಂತ.

ಒಂದೇ ಅನುಮಾನ. ಶೆಡ್ಡಲ್ಲಿ ಇಲಿ ವಿಪರೀತ. ಕೇಬಲ್ ಕಡಿಯಲ್ವಾ?

ವೈರ್‌ಮ್ಯಾನ್_ಮೈಸೂರು:
ಕಡಿಯುತ್ತೆ. ಕಬ್ಬಿಣದ ಪೈಪಿನೊಳಗೆ ಎಳೆದು ತುದಿ ಮುಚ್ಚಿ. ಮತ್ತೆ ಬೆಲ್ಲದ ಕೈಯಲ್ಲಿ ಯಾರೂ ಡಬ್ಬಿ ಮುಟ್ಟದ ಹಾಗೆ ಎತ್ತರಕ್ಕೆ ಹಾಕಿಸಿ, ಇಲಿಗಿಂತ ಮುಂಚೆ ಇರುವೆ ಬರುತ್ತೆ.