ಅಪ್‌ಡೇಟ್: ಮೈಕ್ ಸರಿಸಿದ ಮೇಲೆ ಧ್ವನಿ ಟೈಪಿಂಗ್ ಸರಿಹೋಯಿತು

ಹೆಡ್‌ಸೆಟ್ ಹಾಕಿಕೊಂಡು ಮಾತನಾಡಿ ಟೈಪ್ ಮಾಡಿಸುವಾಗ ಪದಗಳು ತಪ್ಪಾಗಿ ಮೂಡುತ್ತವೆ, ಹೇಳದ ಅಕ್ಷರಗಳೂ ನಡುವೆ ಸೇರಿಕೊಳ್ಳುತ್ತವೆ ಎಂದು ಹಿಂದೆ ಕೇಳಿದ್ದೆ. ಆ ತೊಂದರೆ ಈಗ ಬಹುಮಟ್ಟಿಗೆ ನಿವಾರಣೆಯಾಗಿದೆ. ಸಲಹೆ ನೀಡಿದ ಎಲ್ಲರಿಗೂ ಕೃತಜ್ಞತೆಗಳು.

ಫಲ ಕೊಟ್ಟದ್ದು, ಮೈಕನ್ನು ಬಾಯಿಯ ನೇರ ಎದುರಿನಿಂದ ಸರಿಸಿ, ತುಟಿಯ ಅಂಚಿನ ಪಕ್ಕದಲ್ಲಿ ಸುಮಾರು ಎರಡು ಬೆರಳಿನ ಅಗಲದಷ್ಟು ದೂರ ಇಡಬೇಕೆಂಬ ಸಲಹೆ. ‘ಪ’, ‘ಭ’ದಂತಹ ಅಕ್ಷರಗಳನ್ನು ಉಚ್ಚರಿಸುವಾಗ ತುಟಿಗಳಿಂದ ಚಿಮ್ಮುವ ಗಾಳಿ ನೇರವಾಗಿ ಮೈಕಿಗೆ ಬಡಿಯುತ್ತಿತ್ತು, ರೆಕಾರ್ಡ್ ಮಾಡಿ ಕೇಳಿದಾಗ ‘ಭಾಗ’ ಎಂಬ ಪದದ ಆರಂಭದಲ್ಲೇ ‘ಧಪ್’ ಎಂಬ ಸದ್ದು ಸ್ಪಷ್ಟವಾಗಿತ್ತು, ಪಕ್ಕಕ್ಕೆ ಸರಿಸಿದ ಮೇಲೆ ಅದು ಮಾಯವಾಯಿತು. ಮೂಗಿನ ಉಸಿರು ತಾಗದಂತೆ ಮೈಕನ್ನು ತುಸು ಕೆಳಗೆ ಬಾಗಿಸಿದ್ದರಿಂದ ಹೆಚ್ಚುವರಿ ಅಕ್ಷರಗಳೂ ನಿಂತವು.

ಮೈಕ್ ಧ್ವನಿ ಹಿಡಿಯುವ ಮಟ್ಟವನ್ನು (ಇನ್‌ಪುಟ್ ವಾಲ್ಯೂಮ್) ಹೆಚ್ಚಿಸುವ ಸಲಹೆಯಿಂದ ಪ್ರಯೋಜನವಾಗಲಿಲ್ಲ, ಏಕೆಂದರೆ ಧ್ವನಿಯೊಂದಿಗೆ ಫ್ಯಾನಿನ ಸದ್ದೂ ಅಷ್ಟೇ ಏರಿತು. ಲ್ಯಾಪ್‌ಟಾಪಿನ ಮೈಕ್ ಬಾಯಿಯಿಂದ ದೂರವಿರುವುದರಿಂದ ಅದೂ ಸರಿಹೊಂದಲಿಲ್ಲ. ದೂರ ಎರಡರಷ್ಟಾದಾಗ ಬಾಯಿಂದ ನೇರವಾಗಿ ಬರುವ ಧ್ವನಿ ಸುಮಾರು 6 ಡೆಸಿಬೆಲ್ ಕುಗ್ಗುತ್ತದೆ, ಕೋಣೆಯ ಗದ್ದಲ ಮಾತ್ರ ಹಾಗೆಯೇ ಉಳಿಯುತ್ತದೆ.

ನನಗೆ ಅಚ್ಚರಿಯೆನಿಸಿದ್ದು ಇನ್ನೊಂದು. ಗದ್ದಲ ತಗ್ಗಿಸುವ ಇಂತಹ ಮೈಕುಗಳಲ್ಲಿ ಹಲವಕ್ಕೆ ಎರಡೂ ಬದಿ ರಂಧ್ರಗಳಿದ್ದು, ದೂರದ ಸದ್ದು ಎರಡೂ ಕಡೆಯಿಂದ ಹೆಚ್ಚುಕಡಿಮೆ ಸಮನಾಗಿ ತಲುಪಿ ಪರಸ್ಪರ ರದ್ದಾಗುತ್ತದೆ. ಹತ್ತಿರದ ಮಾತು ಒಂದೇ ಬದಿಗೆ ಹೆಚ್ಚು ಜೋರಾಗಿ ತಲುಪುವುದರಿಂದ ಉಳಿಯುತ್ತದೆ. ಆದ್ದರಿಂದ ಮಾತನಾಡುವ ಬದಿಯ ಗುರುತು ಬಾಯಿಯತ್ತಲೇ ತಿರುಗಿರಬೇಕು. ನನ್ನ ಮೈಕಿನಲ್ಲಿ ಅದು ಸ್ಪಂಜಿನ ಕೆಳಗಿರುವ ಸಣ್ಣ ಬಿಳಿ ಚುಕ್ಕೆ. ಸ್ಪಂಜನ್ನು ತೆಗೆದರೆ ಮಾತ್ರ ಕಾಣುತ್ತದೆ.